ಐದಿಂಚು

ಲಕ್ಕಯ್ಯ ಸತ್ತದ್ದು ಪೈಪ್ ಫಿಟ್ಟರ್ ಹಾಲೇಶಪ್ಪನ ಲೆಕ್ಕದ ತಪ್ಪಿನಿಂದ ಎಂದು ಕಾಫಿಪುಡಿ ಕಂಪನಿ ಟೈಪು ಮಾಡಿಸಿ, ಮೊಹರು ಒತ್ತಿ, ಗೇಟಿನ ಪಕ್ಕದ ಬೋರ್ಡಿಗೆ ಅಂಟಿಸಿತು. ಕಾಗದ ಹಳದಿಯಾದಾಗ ಇನ್ನೊಂದು ಪ್ರತಿ ತೆಗೆಸಿ ಅಂಟಿಸಿತು. ಹೀಗೆ ಹನ್ನೊಂದು ವರ್ಷ.

"ಹತ್ತಿಂಚು," ಎಂದ ರೇವಣ್ಣ.

ಅವನು ಮಂಡಿಯೂರಿ ಕೂತಿದ್ದ. ಚಾಪೆಯ ಮೇಲೆ ಚಾಚಿದ್ದ ಹಾಲೇಶಪ್ಪನ ಬಲಪಾದಕ್ಕೆ ತೆಂಗಿನಗರಿಯ ಕಡ್ಡಿಯೊಂದನ್ನು ತಾಗಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಅಳೆದು, ಉಗುರಿನಿಂದ ಗುರುತು ಮಾಡಿದ್ದ. ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು. ಗುಂಡಿಯನ್ನು ಸತ್ತವರ ಪಾದದಿಂದಲೇ ಅಳೆಯುವುದು. ಒಂಬತ್ತು ಪಾದ ಉದ್ದ, ಐದು ಪಾದ ಅಗಲ.

"ಹತ್ತೂ ಕಾಲು, ರೇವಣ್ಣಣ್ಣ," ಎಂದಳು ರಜನಿ. ಅವಳು ಸತ್ತ ಹಾಲೇಶಪ್ಪನ ಒಬ್ಬಳೇ ಮಗಳು. ಚಿಕ್ಕಮಗಳೂರಿನ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ಪೈಪ್ ಲೈನುಗಳ ನಕ್ಷೆ ಬರೆಯುವ ಕೆಲಸ ಅವಳದ್ದು.

"ಮಣ್ಣಿಗೆ ಹೋಗೋ ಅಳತೆಗೂ ಕಾಲಿಂಚಿನ ತಕರಾರಾ ಮಾರಾಯ್ತಿ?" ಬಾಗಿಲ ಹತ್ತಿರ ನಿಂತಿದ್ದ ದೊಡ್ಡಪ್ಪ ಬಸವರಾಜಪ್ಪ ಗದರಿದರು. ಆಲ್ದೂರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಕಂಪನಿಗೆ ಬೋಲ್ಟು, ನಟ್ಟು, ಪೇಂಟು ಹೋಗುವುದು ಅವರ ಅಂಗಡಿಯಿಂದಲೇ.

ರೇವಣ್ಣ ಕಡ್ಡಿಯನ್ನು ಇನ್ನೊಮ್ಮೆ ಹಿಡಿದು ನೋಡಿದ. "ಹತ್ತೂ ಕಾಲೇ. 'ಬಿಟ್ಟ ಕಾಲಿಂಚು ಎಲ್ಲೂ ಹೋಗಲ್ಲ ಕಣೋ, ಕೊನೇ ಜಾಯಿಂಟಲ್ಲಿ ಕಾಯ್ತಾ ಕೂತಿರ್ತದೆ' ಅಂತಿದ್ರು. ಇಲ್ಲಿ ಬಿಟ್ರೆ ಎದ್ದು ಕೂತು ಬೈತಾರೆ."

"ಹೆಂಗೂ ಕೂರ್ಸೋದೇ ಅಲ್ವಾ," ಎಂದು ಯಾರೋ ಹಿಂದಿನಿಂದ ಅಂದರು. ಸಾವಿನ ಮನೆಯ ನಗು ಒಮ್ಮೆ ಎದ್ದು ಅಲ್ಲೇ ಅಡಗಿತು.

ಏಳಡಿ ಎಂಟೂ ಕಾಲು ಉದ್ದ, ನಾಲ್ಕಡಿ ಮೂರೂ ಕಾಲು ಅಗಲ. ರಜನಿಯ ತಲೆ ತನ್ನಷ್ಟಕ್ಕೆ ಗುಣಿಸಿ ಮುಗಿಸಿತ್ತು. ಅಪ್ಪಯ್ಯ ಕಲಿಸಿದ ಚಾಳಿ. ಅವಳು ಹೊದ್ದ ಶಾಲಿನ ಒಳಗೆ, ಸೊಂಟಕ್ಕೆ ಸಿಕ್ಕಿಸಿದ್ದ ಪುಸ್ತಕದ ಮೂಲೆ ಉಸಿರಾಡಿದಾಗೆಲ್ಲ ಪಕ್ಕೆಗೆ ಚುಚ್ಚುತ್ತಿತ್ತು.

ಅದು ಅಂಗೈಯಗಲದ ಪುಸ್ತಕ. ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿಗೆ ಗೋಣಿ ಹೊಲಿಯುವ ದಾರ. ಮೂವತ್ತು ವರ್ಷ ಹಾಲೇಶಪ್ಪನ ಅಂಗಿಜೇಬಿನಲ್ಲಿದ್ದು ಅವನ ಎದೆಯ ಆಕಾರಕ್ಕೇ ಬಾಗಿತ್ತು. ಯಾವ ಪೈಪಿಗೆ ಎಷ್ಟು ದೂರಕ್ಕೊಂದು ಆಸರೆ, ಯಾವ ಎಲ್ಬೋ ತಿರುವಿನಲ್ಲಿ ಎಷ್ಟು ಉದ್ದ ತಿನ್ನುತ್ತದೆ, ಉಗಿಯ ಲೈನು ನೂರಕ್ಕೆ ಎಷ್ಟು ಇಳಿಜಾರಿರಬೇಕು, ಎಲ್ಲವೂ ಅದರಲ್ಲಿತ್ತು. ದೊಡ್ಡ ದೊಡ್ಡ ಕೋಷ್ಟಕಗಳಿಂದ ಇಳಿಸಿಕೊಂಡ ಅಂಕಿಗಳ ಪಕ್ಕದಲ್ಲಿ ಅವನದ್ದೇ ಮಾತು: 'ನಾಲ್ಕಿಂಚಿನ ಪೈಪಿಗೆ ನೀರು ತುಂಬಿದರೆ ಮೀಟರಿಗೆ ಅರ್ಧ ಮೂಟೆ ಕಾಫಿಯ ತೂಕ.' 'ಈ ಫ್ಲಾಂಜು ಮೂರಿಂಚಿನದ್ದಾದರೆ ನಾಲ್ಕು ಬೋಲ್ಟು, ನಾಲ್ಕಿಂಚಿನದ್ದಾದರೆ ಎಂಟು. ನಡುವೆ ಆರು ಎಂಬುದಿಲ್ಲ, ಹುಡುಕಬೇಡ.'

ಮುಂದಿನ ತಿಂಗಳು ಹದಿನೆಂಟಕ್ಕೆ ಹಾಲೇಶಪ್ಪ ಚಿಕ್ಕಮಗಳೂರಿನ ಕೋರ್ಟಿನಲ್ಲಿ ಆ ಪುಸ್ತಕ ತೆರೆದು ಸಾಕ್ಷಿ ಹೇಳಬೇಕಿತ್ತು. ಲಕ್ಕಯ್ಯನ ಹೆಂಡತಿ ಮುದ್ದಮ್ಮ ಕಂಪನಿಯ ಮೇಲೆ ಹಾಕಿದ್ದ ಕೇಸು ಎರಡು ಸಲ ಬಿದ್ದು, ಮೂರನೇ ಸಲ ಎದ್ದು ನಿಂತಿತ್ತು. ಅಷ್ಟರಲ್ಲಿ ಹಾಲೇಶಪ್ಪ ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲಮನೆಯಲ್ಲಿ ಕುಸಿದ.

ಹೊರಗೆ ಕಾರು ನಿಂತ ಸದ್ದಾಯಿತು. ಬಸವರಾಜಪ್ಪ ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಓಡಿದರು.

ಬಂದವರು ಪ್ರಸನ್ನಕುಮಾರ್. ಹನ್ನೊಂದು ವರ್ಷದ ಹಿಂದೆ ಕಂಪನಿಯ ಮ್ಯಾನೇಜರು, ಈಗ ಡೈರೆಕ್ಟರು. ಅವರು ತಂದ ಹಾರವನ್ನು ಇಬ್ಬರು ಹಿಡಿಯಬೇಕಾಯಿತು. ಅಷ್ಟರಲ್ಲಿ ಹಾಲೇಶಪ್ಪನನ್ನು ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ, ಹಣೆಯ ತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟು ಕೂರಿಸಿಯಾಗಿತ್ತು. ಹಾರ ಹಾಕಿದಾಗ ಅವನ ಗಲ್ಲದವರೆಗೂ ಸೇವಂತಿಗೆ ಮುಚ್ಚಿಕೊಂಡಿತು. ಡೈರೆಕ್ಟರು ಕಣ್ಣುಮುಚ್ಚಿ ಕೈಮುಗಿದು ನಿಂತರು. ಆಮೇಲೆ ಬಸವರಾಜಪ್ಪನ ಭುಜ ಹಿಡಿದು ಕಾಫಿ ಒಣಗಿಸುವ ಕಣದ ಮೂಲೆಗೆ ಕರೆದೊಯ್ದರು.

ಬಸವರಾಜಪ್ಪ ವಾಪಸ್ಸು ಬಂದಾಗ ಅವರ ಬಾಯಲ್ಲಿ ಭಕ್ತಿ ಇತ್ತು.

"ಸರೋಜಾ," ಎಂದು ತಮ್ಮನ ಹೆಂಡತಿಯ ಮುಂದೆ ಕೂತರು. "ಸಾಹೇಬ್ರು ಒಂದು ಒಳ್ಳೇ ಮಾತು ಹೇಳಿದ್ರು. ಆ ಪುಸ್ತಕ ಅಂದ್ರೆ ಇವನಿಗೆ ಪ್ರಾಣ. ಅದು ಇವನ ಜೊತೇಲೇ ಹೋಗ್ಲಿ. ತೊಡೆ ಮೇಲಿಟ್ಟು ಮಣ್ಣು ಮಾಡಣ."

ಸರೋಜಮ್ಮ ಮಗಳ ಕಡೆ ನೋಡಿದಳು. "ಹೌದು ಕಣೇ," ಎಂದಳು. "ಹೋಗ್ಲಿ ಅದು. ಸಾಕು."

* * *

ಆ ದಿನ ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ರಜನಿ. ಅವಳಿಗೆ ಇಪ್ಪತ್ತೊಂದು. ಐಟಿಐ ಮುಗಿಸಿ ಅಪ್ಪನ ಕೈಕೆಳಗೇ ಅಪ್ರೆಂಟಿಸು. ಬಾಯ್ಲರ್ ಮನೆಯಿಂದ ಕಾಫಿ ಡಿಕಾಕ್ಷನ್ ಇಳಿಸುವ ಹೊಸ ಸೆಕ್ಷನ್ನಿಗೆ ಉಗಿಯ ಲೈನು ಎಳೆಯಬೇಕಿತ್ತು. ಎಪ್ಪತ್ತೆರಡು ಮೀಟರು.

"ತಣ್ಣಗಿದ್ದಾಗ ಎಪ್ಪತ್ತೆರಡು," ಎಂದು ಹಾಲೇಶಪ್ಪ ಪುಸ್ತಕ ತೆರೆದು ತೋರಿಸಿದ್ದ. "ಉಗಿ ಬಿಟ್ಟ ಮೇಲೆ ಎಪ್ಪತ್ತೆರಡು ಮೀಟರಿನ ಮೇಲೆ ಐದಿಂಚು. ಕಬ್ಬಿಣ ಬಿಸಿಗೆ ಬೆಳೀತದೆ. ಬೆಳೆಯೋಕೆ ಜಾಗ ಕೊಡ್ಲಿಲ್ಲ ಅಂದ್ರೆ ಜಾಗ ಮಾಡ್ಕೊಳ್ತದೆ."

ಆ ಜಾಗಕ್ಕೆಂದೇ ಅವನು ನಡುವೆ ಒಂದು ಲೂಪ್ ಬರೆದಿದ್ದ. ಪೈಪು ನೆಟ್ಟಗೆ ಹೋಗದೆ ಪಕ್ಕಕ್ಕೆ ಹೊರಳಿ, ಚೌಕದ ಮೂರು ಮಗ್ಗುಲು ಸುತ್ತಿ ಮತ್ತೆ ದಾರಿಗೆ ಬರುವುದು. ಆ ತಿರುವು ಬಿಲ್ಲಿನ ಹಾಗೆ ಬಾಗಿ ಐದಿಂಚನ್ನು ನುಂಗಿಕೊಳ್ಳುತ್ತದೆ. ಆದರೆ ಲೂಪು ಲಾರಿ ತಿರುಗುವ ದಾರಿಗೆ ಚಾಚಿಕೊಳ್ಳುತ್ತಿತ್ತು. ಉದ್ಘಾಟನೆಗೆ ಒಂಬತ್ತು ದಿನ ಇತ್ತು.

"ಎಂಥ ಡೊಂಕು ಇದು ಹಾಲೇಶಪ್ಪ?" ಪ್ರಸನ್ನಕುಮಾರ್ ನಕ್ಷೆಯ ಮೇಲೆ ಬೆರಳು ಕುಟ್ಟಿದ್ದರು. "ನೆಟ್ಟಗೆ ಎಳೀರಿ."

"ಐದಿಂಚು ಬೆಳೀತದೆ ಸಾರ್."

"ಐದಿಂಚು. ಪೈಪೇನು ಹಾವಾ, ಹರಿದುಕೊಂಡು ಬರೋಕೆ?"

ಹಾಲೇಶಪ್ಪನಿಗೊಂದು ಪದ್ಧತಿ ಇತ್ತು. ಬಾಯಿಮಾತಿಗೆ ಅವನು ಪೈಪು ಕತ್ತರಿಸುತ್ತಿರಲಿಲ್ಲ. ನಕ್ಷೆಯಲ್ಲಿ ಏನೇ ಬದಲು ಹೇಳಿದರೂ ಹೇಳಿದವರು ಅವನ ಪುಸ್ತಕದಲ್ಲಿ, ಆ ಅಳತೆ ಇರುವ ಪುಟದಲ್ಲೇ, ಬರೆದು ರುಜು ಹಾಕಬೇಕು. ಫಿಟ್ಟರುಗಳು ನಗುತ್ತಿದ್ದರು, ಮೇಸ್ತ್ರಿಗಳು ಬೈಯುತ್ತಿದ್ದರು, ಅವನು ಬಿಡುತ್ತಿರಲಿಲ್ಲ. ಅಂದೂ ಪುಸ್ತಕ ಚಾಚಿದ. ಮ್ಯಾನೇಜರು ನಕ್ಕು, ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದು, 'ಲೂಪ್ ಬೇಡ. ನೇರ ಲೈನ್' ಎಂದು ಗೀಚಿ, ರುಜು ಹಾಕಿ, ತಾರೀಖನ್ನೂ ಬರೆದರು.

"ತೃಪ್ತಿಯಾಯ್ತಾ?"

ಹಾಲೇಶಪ್ಪ ಶಾಯಿ ಆರುವವರೆಗೆ ಊದಿದ. ಪುಸ್ತಕ ಮುಚ್ಚಿ ಜೇಬಿಗಿಟ್ಟು, ಮಗಳ ಕಡೆ ತಿರುಗಿ, "ಟೇಪು ಹಿಡಿ," ಎಂದ.

ರಜನಿ ಹಿಡಿದಳು.

ಐದು ವಾರದ ಮೇಲೆ, ರಜೆ ಮುಗಿದ ಸೋಮವಾರ ಬೆಳಿಗ್ಗೆ, ತಣ್ಣಗಾಗಿದ್ದ ಲೈನಿಗೆ ಉಗಿ ಬಿಟ್ಟರು. ಬೆಳೆದ ಪೈಪಿನ ಒತ್ತಡಕ್ಕೆ ಕೊನೆಯ ಜೋಡಣೆಯ ಫ್ಲಾಂಜು ಬಿಚ್ಚಿಕೊಂಡಿತು. ಅದರ ಹತ್ತಿರ ನೆಲ ಗುಡಿಸುತ್ತಿದ್ದವನು ಬಾಯ್ಲರ್ ಹೆಲ್ಪರ್ ಲಕ್ಕಯ್ಯ.

* * *

ಮಧ್ಯಾಹ್ನದ ಹೊತ್ತಿಗೆ ಮುದ್ದಮ್ಮ ಬಂದಳು. ಅಂಗಳದಲ್ಲಿದ್ದ ಮಾತು ಹರಿದು ನಿಂತಿತು. ಅವಳು ಒಳಗೆ ಬರಲಿಲ್ಲ. ಪಾಗಾರದ ಹತ್ತಿರ, ಬಿದಿರು ಕಟ್ಟಿ ಹೆಣ ಕೂರಿಸುವ ವಿಮಾನ ಸಿಂಗರಿಸುತ್ತಿದ್ದವರ ಪಕ್ಕ ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

"ನೋಡು, ಬಂದ್ಳು," ಎಂದು ಒಬ್ಬ ಹೆಂಗಸು ಇನ್ನೊಬ್ಬಳಿಗೆ, ಕೇಳಲಿ ಎಂದೇ, ಅಂದಳು. "ಕೋರ್ಟು ಕೋರ್ಟು ಅಂತ ಅಲೆದಾಡ್ಸಿ ಎದೆ ಒಡೆಸಿದ್ದು ಇವ್ಳೇ."

"ನನ್ ಗಂಡನ್ನ ಬೇಯ್ಸಿದ್ದು ಯಾರು ಅಂತ ಕೇಳಕ್ಕೆ ಅಲೆದೆ," ಎಂದಳು ಮುದ್ದಮ್ಮ, ಅವಳ ಕಡೆ ತಿರುಗದೆಯೇ. "ನಿಮ್ಮನೇವ್ರು ಬೆಂದಿದ್ರೆ ನೀವೂ ಅಲೀತಿದ್ರಿ."

ಸರೋಜಮ್ಮ ಹೊಸ್ತಿಲಿಗೆ ಬಂದು ನಿಂತಳು. "ಹೆಣ ನೋಡಿ ಖುಷಿ ಪಡೋಕೆ ಬಂದ್ಯಾ?"

"ಇಲ್ಲ ಅವ್ವ. ಹೇಳ್ತೀನಿ ಅಂದಿದ್ರು, ಹೇಳ್ದೆ ಹೋದ್ರು. ನಿಜವಾಗ್ಲೂ ಹೋದ್ರಾ ಅಂತ ನೋಡೋಕೆ ಬಂದೆ."

ರಜನಿ ಅಂಗಳ ದಾಟಿ ಅವಳ ಹತ್ತಿರ ಹೋದಳು. ಹೋಗುವಾಗ ಎಲ್ಲರ ಕಣ್ಣೂ ಬೆನ್ನಿಗೆ ನಾಟಿದವು.

"ಪುಸ್ತಕ ಇದ್ಯಾ?" ಮುದ್ದಮ್ಮ ಪೀಠಿಕೆ ಹಾಕಲಿಲ್ಲ.

"ಇದೆ."

"ಫೋಟೊ ನಡಿಯಲ್ಲ, ಅಸಲು ಪುಸ್ತಕಾನೇ ಬೇಕು ಅಂತಾರೆ ವಕೀಲ್ರು. ನಿಮ್ಮಪ್ಪಾರು ಹೋದ್ಮೇಲೆ ಇನ್ನು ಅದೊಂದೇ." ಅವಳು ಒಳಗೆ ಕೂತಿದ್ದ ಹೆಣದ ಕಡೆ ಗಲ್ಲ ಎತ್ತಿ ತೋರಿಸಿದಳು. "ಅವ್ರ ಜೊತೆ ಹೂಳ್ತಾರಂತೆ. ಬರ್ತಾ ಚಾ ಅಂಗಡೀಲೇ ಕೇಳ್ದೆ. ಕಾರಿನ್ ಡ್ರೈವರ್ ಇಲ್ಲಿಗೆ ಬರೋ ಮೊದ್ಲೇ ಅಲ್ಲಿ ಹೇಳಿದ್ನಂತೆ."

ರಜನಿಯ ಅಮ್ಮನಿಗೆ ದೊಡ್ಡಪ್ಪ ಆ ಯೋಚನೆ ಹೇಳುವ ಮೊದಲೇ ಚಾ ಅಂಗಡಿಗೆ ಗೊತ್ತಾಗಿತ್ತು.

"ನಂಗೆ ಓದೋಕೆ ಬರಲ್ಲ," ಎಂದಳು ಮುದ್ದಮ್ಮ. "ಆ ಪುಟದಲ್ಲಿ ಏನಿದೆ, ಒಂದ್ಸಲ ಸರಿಯಾಗಿ ಹೇಳಿ."

"ಲೂಪ್ ಬೇಡ ಅಂತ ಮ್ಯಾನೇಜರ್ ಬರೆದಿದ್ದಾರೆ. ರುಜು ಇದೆ."

"ಅಷ್ಟೇನಾ?"

ಅಷ್ಟೇ ಅಲ್ಲ ಎಂಬುದು ರಜನಿಗೆ ಗೊತ್ತಿತ್ತು. ಪುಟ ಮಗುಚಿದರೆ ಇನ್ನೊಂದಿತ್ತು. "ಆಮೇಲೆ ಹೇಳ್ತೀನಿ," ಎಂದಳು.

ಮುದ್ದಮ್ಮ ಅವಳ ಮುಖವನ್ನು ಅಳೆಯುವ ಹಾಗೆ ನೋಡಿದಳು. "ನಿಮ್ಮಪ್ಪಾರೂ ಹಿಂಗೇ ಅಂತಿದ್ರು."

* * *

ಕಂಪನಿ ನಡೆಸಿದ ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತು. ಹಾಲೇಶಪ್ಪ ಎದ್ದು ನಿಂತು, ಪುಸ್ತಕ ತೆರೆದು, ಹಸಿರು ಶಾಯಿಯ ಪುಟವನ್ನು ಮೇಜಿನ ಮೇಲಿಟ್ಟ. ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನವರು ಪೆನ್ನಿನ ತುದಿಯಿಂದ ಅದನ್ನು ಹಿಂದಕ್ಕೆ ತಳ್ಳಿದರು.

"ಫಿಟ್ಟರ್ ಡೈರಿ ದಾಖಲೆ ಅಲ್ಲ," ಎಂದರು.

ಕೆಲಸ ಹೋಯಿತು. ಬೋರ್ಡಿಗೆ ಕಾಗದ ಬಂತು. ಆಲ್ದೂರಿನ ಪೇಟೆಯಲ್ಲಿ ಅವನು ನಡೆದರೆ ಹಿಂದಿನಿಂದ ಪಿಸುಮಾತು ನಡೆಯುತ್ತಿತ್ತು.

ತಮಾಷೆಯೆಂದರೆ, ದಾಖಲೆಯಲ್ಲದ ಆ ಡೈರಿಯನ್ನು ನೋಡಲು ಅದೇ ಕಂಪನಿಯ ಹೊಸ ಎಂಜಿನಿಯರುಗಳು ಹನ್ನೊಂದು ವರ್ಷವೂ ಅವನ ಮನೆಗೆ ಬರುತ್ತಿದ್ದರು. ಸಂಜೆ ಹೊತ್ತು, ಬೈಕನ್ನು ದೂರ ನಿಲ್ಲಿಸಿ ಬರುತ್ತಿದ್ದರು. ಕಂಪ್ಯೂಟರಿನಲ್ಲಿ ಎಲ್ಲ ಇತ್ತು. ಆದರೆ ಈ ಕಟ್ಟಡದಲ್ಲಿ, ಈ ಗುಡ್ಡದ ಇಳಿಜಾರಿನಲ್ಲಿ, ಈ ಹಳೇ ಬಾಯ್ಲರಿಗೆ ಏನು ಒಗ್ಗುತ್ತದೆ ಎಂಬುದು ಅದರಲ್ಲಿರಲಿಲ್ಲ. "ಸಾರ್, ಒಂದು ಪೇಜ್ ಫೋಟೊ ತೆಗೀಲಾ?" ಎನ್ನುತ್ತಿದ್ದರು. ಹಾಲೇಶಪ್ಪ ಯಾರಿಗೂ ಇಲ್ಲ ಎನ್ನಲಿಲ್ಲ.

"ಅವ್ರು ನಿಮ್ಮನ್ನ ಕೊಂದೋರು," ಎಂದು ರಜನಿ ಒಮ್ಮೆ ರೇಗಿದ್ದಳು. "ಅವ್ರಿಗೇ ಲೆಕ್ಕ ಹೇಳಿ ಕೊಡ್ತೀರಲ್ಲ."

"ತಪ್ಪು ಪೈಪು ಅವ್ರ ತಲೆ ಮೇಲೆ ಬೀಳಲ್ಲ ಮಗಾ. ಕೆಳಗೆ ಗುಡ್ಸೋನ ಮೇಲೆ ಬೀಳ್ತದೆ."

ಅಂದೇ ಅವನು ಹಸಿರು ಪುಟವನ್ನು ಮಗುಚಿ ತೋರಿಸಿದ. ಹಿಂದೆ ಪೆನ್ಸಿಲಿನಲ್ಲಿ, ಪೈಪಿನ ಮೇಲೆ ಬರೆದಷ್ಟೇ ಒತ್ತಿ, ಬರೆದಿದ್ದ: 'ಐದಿಂಚು ಬರುತ್ತದೆ ಎಂದು ನನಗೆ ಗೊತ್ತಿತ್ತು. ರುಜು ಸಿಕ್ಕಿತು, ಇನ್ನು ನನ್ನ ತಲೆಗೆ ಬರುವುದಿಲ್ಲ ಎಂದುಕೊಂಡೆ. ಎಳೆಯುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಲಕ್ಕಯ್ಯನ ಸಾವಿನಲ್ಲಿ ನಾನೂ ಇದ್ದೇನೆ.' ಕೆಳಗೆ ರುಜು. ತಾರೀಖು.

"ಇದನ್ನ ಹರಿದು ಹಾಕಿ ಅಪ್ಪಯ್ಯ. ಕೋರ್ಟಲ್ಲಿ ಇದನ್ನೂ ಓದ್ತಾರೆ."

"ಓದ್ಲಿ. ಒಂದೇ ಹಾಳೆ ಅದು. ಮುಂದಿನದ್ದು ಬೇಕು, ಹಿಂದಿನದ್ದು ಬೇಡ ಅಂದ್ರೆ ಹೆಂಗೆ?"

* * *

ಹೆಣ ಹೊರಡುವ ಮುಂಚೆ ಪ್ರಸನ್ನಕುಮಾರ್ ರಜನಿಯನ್ನು ಬಚ್ಚಲಮನೆಯ ಪಕ್ಕ ತಡೆದರು. ಮಾತು ಮೆತ್ತಗಿತ್ತು.

"ನೋಡಮ್ಮ, ನಿಮ್ಮಪ್ಪನ ಮೇಲೆ ನನಗೆ ಗೌರವ ಇದೆ. ಆ ಹಾಳೆಯ ಹಿಂದೆ ಏನು ಬರೆದಿದ್ದಾರೆ ಅಂತ ನನಗೆ ಗೊತ್ತು. ನಮ್ಮ ಹುಡುಗರು ಫೋಟೊ ತೆಗೆದಿದ್ದಾರೆ. ನನ್ನ ಪುಟ ಓದಿದೋರು ಅದನ್ನೂ ಓದ್ತಾರೆ. ಬೋರ್ಡಲ್ಲಿರೋದನ್ನ ನಿಮ್ಮಪ್ಪನೇ ಒಪ್ಪಿಕೊಂಡ ಹಾಗಾಗ್ತದೆ. ಈಗ ಊರು ಮರೀತಾ ಇದೆ. ಮರೀಲಿ ಬಿಡು."

"ಬೋರ್ಡಲ್ಲಿ ಲೆಕ್ಕ ತಪ್ಪು ಅಂತಿದೆ," ಎಂದಳು ರಜನಿ. "ಲೆಕ್ಕ ತಪ್ಪಿರ್ಲಿಲ್ಲ."

ಅವರು ಮುಗುಳ್ನಕ್ಕರು. "ನಿಮ್ಮ ಶೆಡ್ಡಿಗೆ ನಮ್ಮ ಆರ್ಡರ್ ಎಷ್ಟು ಬರ್ತದೆ ಅಂತ ಗೊತ್ತಲ್ವಾ?" ಎಂದು ಹೇಳಿ, ಕರವಸ್ತ್ರದಿಂದ ಹಣೆ ಒರೆಸಿಕೊಂಡು ಹೋದರು.

ವಿಮಾನ ಎತ್ತಿದರು. ಹಾಲೇಶಪ್ಪ ಕೂತೇ ಪೇಟೆ ದಾಟಿದ. ಬಸ್ ಸ್ಟ್ಯಾಂಡಿನ ಮುಂದೆ, ಯಾರು ಅವನ ಬೆನ್ನ ಹಿಂದೆ ಹನ್ನೊಂದು ವರ್ಷ ಪಿಸುಗುಟ್ಟಿದ್ದರೋ ಅವರೇ ಎದ್ದು ನಿಂತು ಕೈಮುಗಿದರು. ಸತ್ತವನಿಗೆ ಮರ್ಯಾದೆ ಕೊಡಲು ಈ ಊರಿಗೆ ಯಾವತ್ತೂ ಚೌಕಾಸಿ ಇಲ್ಲ. ಬೇರೆ ಹೆಂಗಸರು ಪೇಟೆಯ ಕೊನೆಯಲ್ಲಿ ಹಿಂದುಳಿದರು. ರಜನಿ ಉಳಿಯಲಿಲ್ಲ. ಅವಳ ಹಿಂದೆ, ಒಂದು ಮಾರು ಅಂತರ ಬಿಟ್ಟು, ಮುದ್ದಮ್ಮ ನಡೆದಳು. ಹೋಗು ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ರೇವಣ್ಣ ರಜನಿಯ ಪಕ್ಕಕ್ಕೆ ಬಂದ. ಅವನು ಹಾಲೇಶಪ್ಪನ ಕೈಕೆಳಗೆ ಕೆಲಸ ಕಲಿತವನು. ಇವತ್ತಿಗೂ ಕಂಪನಿಯಲ್ಲೇ ಫಿಟ್ಟರು.

"ಹೊಸ ಶೆಡ್ಡಿಗೆ ಉಗಿ ಲೈನು ಎಳೀತಿದೀವಿ," ಎಂದ, ನೆಲ ನೋಡುತ್ತಾ.

"ಲೂಪ್?"

"ಇಲ್ಲ. ನೆಟ್ಟಗೆ."

"ಎಷ್ಟು ಮೀಟರು?"

"ತೊಂಬತ್ತು."

"ಆರೂ ಕಾಲು ಇಂಚು," ಎಂದಳು ರಜನಿ.

ರೇವಣ್ಣ ಸ್ವಲ್ಪ ದೂರ ನಡೆದ ಮೇಲೆ, "ಅರ್ಧ ಎಳೆದಾಗಿದೆ," ಎಂದ.

ಸಿಲ್ವರ್ ಓಕ್ ಮರಗಳ ಸಾಲಿನ ಕೆಳಗೆ ಗುಂಡಿ ಸಿದ್ಧವಾಗಿತ್ತು. ಏಳಡಿ ಎಂಟೂ ಕಾಲು, ನಾಲ್ಕಡಿ ಮೂರೂ ಕಾಲು. ಅಂಚು ತೂಗುಗುಂಡು ಹಾಕಿ ನೋಡಿದಷ್ಟು ನೇರ. ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಹಾಲೇಶಪ್ಪನನ್ನು ಕೂರಿಸಿದರು. ರೇವಣ್ಣ ಒಳಗಿಳಿದು ನಿಂತಿದ್ದ. ಅಯ್ಯನವರು ಮಂತ್ರ ಹೇಳುತ್ತಿದ್ದರು. ಮೇಲಿನಿಂದ ಒಂದೊಂದೇ ಕೊಡಬೇಕು, ಅವನು ಎರಡೂ ಕೈ ಎತ್ತಿ ಇಸಿದುಕೊಂಡು ಹೆಣದ ಸುತ್ತ ಇಡಬೇಕು. ಗಂಡುಮಕ್ಕಳಿಲ್ಲದ ಮನೆ, ಕೊಡುವವಳು ರಜನಿಯೇ ಎಂದು ಅಯ್ಯನವರು ಮೊದಲೇ ಹೇಳಿದ್ದರು.

ಬಿಲ್ವಪತ್ರೆ ಕೊಟ್ಟಳು. ವಿಭೂತಿ ಗಟ್ಟಿಗಳನ್ನು ಕೊಟ್ಟಳು. ಉಪ್ಪನ್ನು ಬೊಗಸೆ ಬೊಗಸೆ ಕೊಟ್ಟಳು. ಬೆಳಿಗ್ಗೆ ಪಾದ ಅಳೆದ ಕಡ್ಡಿಯನ್ನೂ ಕೊಟ್ಟಳು. ರೇವಣ್ಣ ಅದನ್ನು ಮುರಿಯದೆ ಗುರುವಿನ ಮಂಡಿಯ ಪಕ್ಕ ನೆಟ್ಟಗೆ ಇಟ್ಟ.

"ಪುಸ್ತಕ," ಎಂದರು ಬಸವರಾಜಪ್ಪ.

ರಜನಿ ಸೊಂಟದಿಂದ ಪುಸ್ತಕ ತೆಗೆದಳು. ಗುಂಡಿಯ ಆ ದಡದಲ್ಲಿ ಪ್ರಸನ್ನಕುಮಾರ್ ಕೈಕಟ್ಟಿ ನಿಂತಿದ್ದರು. ರೇವಣ್ಣ ಎರಡೂ ಕೈಗಳನ್ನು ಮೇಲಕ್ಕೆ ಚಾಚಿದ್ದ.

ಅವಳು ತಿರುಗಿ, ಗುಂಪಿನ ಹಿಂದೆ ನಿಂತಿದ್ದ ಮುದ್ದಮ್ಮನನ್ನು ಹುಡುಕಿದಳು.

"ಮುದ್ದಮ್ಮ, ಅಷ್ಟೇನಾ ಅಂತ ಕೇಳಿದ್ರಲ್ಲ. ಆ ಹಾಳೆಯ ಹಿಂದೆ ನಮ್ಮ ಅಪ್ಪಯ್ಯ ಬರೆದದ್ದಿದೆ. ಲೈನು ಎಳೆಯಲ್ಲ ಅನ್ನಬಹುದಿತ್ತು, ಅನ್ನಲಿಲ್ಲ ಅಂತ. ಲಕ್ಕಯ್ಯನ ಸಾವಿನಲ್ಲಿ ನಾನೂ ಇದ್ದೀನಿ ಅಂತ. ಟೇಪು ಹಿಡಿದಿದ್ದು ನಾನು."

ಗುಂಪು ಗುಜುಗುಟ್ಟಿತು. ಮುದ್ದಮ್ಮ ಗುಂಡಿಯ ಅಂಚಿಗೆ ಬಂದು, ಉಪ್ಪಿನ ನಡುವೆ ಕೂತಿದ್ದವನನ್ನು ಬಹಳ ಹೊತ್ತು ನೋಡಿದಳು. ಮಣ್ಣು ಹಾಕಲಿಲ್ಲ, ಶಪಿಸಲಿಲ್ಲ.

"ಅದನ್ನೂ ಓದ್ಸಿ," ಎಂದಳು.

"ಹೆಣದ ಮುಂದೆ ಎಂಥ ರಾದ್ಧಾಂತ ಇದು," ಬಸವರಾಜಪ್ಪ ಮುಂದೆ ಬಂದರು. "ನಿನ್ನಪ್ಪನ ಮಾನ ನೀನೇ ಕಳೀತಿದ್ಯಲ್ಲೇ. ಇಡು ಅದನ್ನ ಒಳಗೆ. ದೊಡ್ಡೋನು ನಾನು ಹೇಳ್ತಿದೀನಿ, ಇಡು."

"ಇಡಲ್ಲ ದೊಡ್ಡಪ್ಪ."

"ರೇವಣ್ಣ," ಎಂದರು ಪ್ರಸನ್ನಕುಮಾರ್. ಫ್ಯಾಕ್ಟರಿಯ ಒಳಗೆ ಕರೆಯುವ ದನಿ ಅದು. "ಇಸ್ಕೊ ಅದನ್ನ."

ಪುಸ್ತಕ ರೇವಣ್ಣನ ಬೆರಳುಗಳಿಂದ ಗೇಣು ದೂರದಲ್ಲಿತ್ತು. ಅವನು ಅದನ್ನು ನೋಡಿದ, ಡೈರೆಕ್ಟರನ್ನು ನೋಡಿದ. ಆಮೇಲೆ ಚಾಚಿದ್ದ ಎರಡೂ ಕೈಗಳನ್ನು ನಿಧಾನವಾಗಿ ಕೆಳಗಿಳಿಸಿ, ಅಂಗೈಗೆ ಅಂಟಿದ್ದ ಉಪ್ಪನ್ನು ಹಾಲೇಶಪ್ಪನ ಮಡಿಲಿಗೆ ಕೊಡವಿದ.